ಗಾಜಿನ ಕೊಳವೆಯಲ್ಲಿ ನಿಂತ ಡೀಸೆಲ್

ಹೋದ ವಾರ ತಮ್ಮನ ಜೊತೆ ಸಿಂಧನೂರಿನ ಒಂದು ಹೊಸ ಹತ್ತಿ ಮಿಲ್ಲಿಗೆ ಹೋಗಿದ್ದೆ. ಅವನಿಗೆ ಎಮ್ಮೆಗೆ ಹಾಕಲು ಹತ್ತಿಕಾಳು ಬೇಕಿತ್ತು, ನನಗೆ ಹೊತ್ತು ಕಳೆಯಬೇಕಿತ್ತು. ಅವನು ತೂಕದ ಹತ್ತಿರ ನಿಂತಾಗ ನಾನು ಅಂಗಳದಲ್ಲಿ ಅಡ್ಡಾಡುತ್ತ ಬೆಂಕಿ ಆರಿಸುವ ಪಂಪಿನ ಕೋಣೆಯ ಮುಂದೆ ಬಂದೆ. ಬಾಗಿಲು ತೆರೆದಿತ್ತು. ಬೆಚ್ಚಗಿನ ಡೀಸೆಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತೆ.

ಅಷ್ಟರಲ್ಲಿ ಒಳಗೆ ಗಂಟೆ ಬಡಿದುಕೊಳ್ಳತೊಡಗಿತು. ಪಂಪಿನವನು ಚಹಾದ ಲೋಟ ಕೆಳಗಿಟ್ಟು ಓಡಿ ಬಂದ. ಇಬ್ಬರು ಹಮಾಲರು ಡೀಸೆಲ್ ಡಬ್ಬಿ ಹೊತ್ತು ಅವನ ಹಿಂದೆಯೇ ಬಂದರು. ನಾನು ಬೆಂಕಿಯೇ ಬಿತ್ತೆಂದು ಗಾಬರಿಯಾದೆ.

"ಬೆಂಕಿ ಅಲ್ರೀ, ಟ್ಯಾಂಕಿನ್ಯಾಗ ಎಣ್ಣಿ ಕಡಿಮಿ ಆಗೇತಿ," ಅಂದ ಪಂಪಿನವನು. "ಒಳಗ ತೇಲೋ ಬುರುಡಿ ಐತಿ. ಮೂರು ಪಾಲಿನ್ಯಾಗ ಎರಡು ಪಾಲಿಗಿಂತ ಕೆಳಗ ಇಳದ್ರ ತಾನ ಗಂಟಿ ಬಾರಸ್ತದ."

"ಬುರುಡಿ ಸಿಕ್ಕೊಂಡು ಮ್ಯಾಲೇ ನಿಂತ್ರ?" ಎಂದು ಕೇಳಿದೆ.

ಅವನು ಮೂಲೆಯಲ್ಲಿದ್ದ ಒಂದು ಕೋಲು ಎತ್ತಿ ತೋರಿಸಿದ. "ಅದಕ್ಕ ವಾರಕ್ಕೊಮ್ಮೆ ಇದನ್ನ ಇಳಿಸಿ ನೋಡ್ತೀವ್ರಿ. ಗಂಟಿ ಸುಳ್ಳು ಹೇಳಬಹುದು, ಕೋಲು ಹೇಳಂಗಿಲ್ಲ."

ತಮ್ಮನಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದೆ. ಮುಕ್ಕುಂದದ ಬಸ್ಸು ಹೊರಡುವುದರಲ್ಲಿತ್ತು. ಇದೇ ಬಸ್ಸು ಎಷ್ಟೋ ವರ್ಷ ನನ್ನ ಕಣ್ಣ ಮುಂದೆಯೇ ಹೋಗಿತ್ತು. ಹತ್ತಿರಲಿಲ್ಲ. ಅವತ್ತು ಹತ್ತಿದೆ.

ಅದಕ್ಕೆ ಕಾರಣ ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದ ಒಂದು ಹತ್ತಿ ಸುಗ್ಗಿ. ಮಸ್ಕಿಯ ಹೊರಗೆ, ಲಿಂಗಸುಗೂರಿನ ದಾರಿಗೆ, ಒಂದು ಜಿನ್ನಿಂಗ್ ಮಿಲ್ಲಿತ್ತು. ಹತ್ತಿಯಿಂದ ಕಾಳು ಬಿಡಿಸಿ ಅರಳೆಯನ್ನು ಒತ್ತಿ ಅಂಡಿಗೆ, ಅಂದರೆ ದೊಡ್ಡ ಮೂಟೆ, ಕಟ್ಟುವ ಕೆಲಸ. ನಾನು ಅಲ್ಲಿ ಸ್ಟೋರಿನ ಗುಮಾಸ್ತ. ಮಸ್ಕಿಯಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ತಕ್ಕಡಿ ಹಿಡಿಯಲು ಮನಸ್ಸಿಲ್ಲದೆ ಲೆಕ್ಕಣಿಕೆ ಹಿಡಿದ ಮಗ ನಾನು. ನನ್ನ ಅಕ್ಷರ ಚೆಂದ ಎಂದು ಊರೆಲ್ಲ ಹೇಳುತ್ತಿತ್ತು, ಊರಿಗಿಂತ ಹೆಚ್ಚು ನಾನೇ ಹೇಳಿಕೊಳ್ಳುತ್ತಿದ್ದೆ.

ಅರಳೆಯ ಜಾಗದಲ್ಲಿ ಬೆಂಕಿಯ ಭಯ ಸದಾ ಇರುತ್ತದೆ. ಹತ್ತಿಯೊಳಗೆ ಒಂದು ಕಲ್ಲು ಬಂದು ಯಂತ್ರದ ಹಲ್ಲಿಗೆ ಸಿಕ್ಕಿ ಕಿಡಿ ಹಾರಿದರೆ ಸಾಕು. ಬೆಂಕಿ ಬಿದ್ದಾಗ ಮೊದಲು ಕರೆಂಟು ತೆಗೆಯುತ್ತಾರೆ, ಅದಕ್ಕೇ ಬೆಂಕಿ ಪಂಪಿಗೆ ಡೀಸೆಲ್ ಎಂಜಿನ್. ಆ ಎಂಜಿನ್ನಿನ ಪಕ್ಕದ ಕಟ್ಟೆಯ ಮೇಲೆ ಅದಕ್ಕೆಂದೇ ಒಂದು ಡೀಸೆಲ್ ಟ್ಯಾಂಕು. ಇದೆಲ್ಲದರ ಜವಾಬ್ದಾರಿ ಹುಸೇನಪ್ಪನದು.

ಹುಸೇನಪ್ಪ ಮುಕ್ಕುಂದದವನು. ಹೆಸರು ನೋಡಿ ಹೊರಗಿನವರು ಸಾಬರೆಂದು ತಿಳಿಯುತ್ತಿದ್ದರು. ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಮಗನೆಂದು ಅವ್ವ ಇಟ್ಟ ಹೆಸರು, ನಮ್ಮ ಕಡೆ ಅಂಥ ಹೆಸರು ಮನೆಗೊಂದು ಸಿಗುತ್ತವೆ. ಹತ್ತಾರು ವರ್ಷ ಹಟ್ಟಿಯಲ್ಲಿ ಚಿನ್ನದ ಗಣಿಯ ನೀರೆತ್ತುವ ಪಂಪಿನ ಮೇಲೆ ದುಡಿದು ಬಂದಿದ್ದ. ಐವತ್ತು ದಾಟಿತ್ತು. ಮಾತು ಕಡಿಮೆ. ದಿನಾ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದು, ಗೀರು ಕೊರೆದ ಬೇವಿನ ಕೋಲು ಇಳಿಸಿ, ಎತ್ತಿ, ಬೆಳಕಿಗೆ ಹಿಡಿದು ನೋಡಿ, ಹೆಗಲ ವಸ್ತ್ರದಿಂದ ಒರೆಸುತ್ತಿದ್ದ. ಆ ವಸ್ತ್ರದ ವಾಸನೆಗೆ ಮಿಲ್ಲಿನಲ್ಲಿ ದುಡಿಯುವ ಹೆಂಗಸರು ಅವನಿಗೆ ಬಾವಿಕಟ್ಟೆಯಲ್ಲಿ ದಾರಿ ಬಿಡುತ್ತಿದ್ದರು. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ವಿಮೆಯ ಅಧಿಕಾರಿಯೊಬ್ಬರು ಬಂದು ಎಲ್ಲ ನೋಡಿದರು. ಕೋಲು ನೋಡಿ ನಕ್ಕರು. ಟ್ಯಾಂಕಿಗೆ ಗಾಜಿನ ಕೊಳವೆ ಕೂರಿಸಬೇಕು, ಒಳಗೆ ಡೀಸೆಲ್ ಎಷ್ಟಿದೆಯೋ ಕೊಳವೆಯಲ್ಲಿ ಅಷ್ಟೇ ಕಾಣಬೇಕು, ಮೂರರಲ್ಲಿ ಎರಡು ಪಾಲಿಗೆ ಕೆಂಪು ಗೆರೆ ಎಳೆಯಬೇಕು, ಅದಕ್ಕಿಂತ ಕೆಳಗೆ ಇಳಿಯಲೇಕೂಡದು ಎಂದರು. ದಿನಾ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಮುಚ್ಚಳ ತೆಗೆದರೆ ಅರಳೆಯ ಎಳೆ ಒಳಗೆ ಬೀಳುತ್ತವೆ, ಆದ್ದರಿಂದ ಅದಕ್ಕೆ ಬೀಗ ಹಾಕಿ ಕೀಲಿ ಸ್ಟೋರಿನಲ್ಲಿ ಇಡಬೇಕು. "ಬೆಂಕಿ ಬಿದ್ದಾಗ ಬಾವಿ ತೋಡಲಿಕ್ಕೆ ಆಗೋದಿಲ್ಲ ನೋಡ್ರಿ," ಎಂದು ಗಾದೆಯನ್ನೂ ಹೇಳಿ ಹೋದರು.

ಮಾತು ಸರಿಯಾಗಿಯೇ ಇತ್ತು. ಕೊಳವೆ ಬಂತು. ಕೊಳವೆಯ ಬುಡದಲ್ಲಿ ಟ್ಯಾಂಕಿಗೆ ಕೂಡುವಲ್ಲಿ ಒಂದು ಸಣ್ಣ ನಲ್ಲಿ. ಗಾಜು ಒಡೆಯದಿರಲೆಂದು ಸುತ್ತ ತಗಡಿನ ಕವಚ. ಗೆರೆ ಕಾಣುವಷ್ಟು ಸೀಳು ಮಾತ್ರ ಮುಂದೆ, ನಲ್ಲಿ ಕವಚದೊಳಗೆ ಮರೆ. ನಾನು ಹೊಸ ರಿಜಿಸ್ಟರಿಗೆ ಗೆರೆ ಹೊಡೆದೆ. ದಿನಾ ಬೆಳಿಗ್ಗೆ ಗಾಜು ನೋಡಿ ನಾನು ಬರೆಯುವುದು, ಹುಸೇನಪ್ಪ ಅದರ ಕೆಳಗೆ ಸಹಿ ಮಾಡುವುದು. ನಾಲ್ಕು ಅಕ್ಷರದ ಅವನ ಹೆಸರು ಅವನಿಗೆ ಬರುತ್ತಿದ್ದ ಒಟ್ಟು ವಿದ್ಯೆ. ಬಿತ್ತುವವನ ಹಾಗೆ ಬಗ್ಗಿ ನಿಧಾನ ಬರೆಯುತ್ತಿದ್ದ.

"ಕೋಲಿಗೆ ಇನ್ನ ರಿಟೈರು ಕಾಕಾ," ಎಂದು ಚೇಷ್ಟೆ ಮಾಡಿದೆ.

"ಇರಲಿ ತಗೋರಿ, ಮೂಲ್ಯಾಗ ಬಿದ್ದಿರ್ತದ. ಅನ್ನ ಕೇಳಂಗಿಲ್ಲ," ಅಂದ.

ದಸರೆಯ ಖಂಡೇಪೂಜೆ ಬಂತು. ಯಂತ್ರಗಳನ್ನೆಲ್ಲ ತೊಳೆದು ವಿಭೂತಿ ಎಳೆದು ಚೆಂಡುಹೂ ಏರಿಸಿದೆವು. ನನ್ನ ಹೆಂಡತಿ ಗೌರಮ್ಮ ಐದು ತಿಂಗಳ ಬಸುರಿ. ಬೇಡವೆಂದರೂ ಬಂದು, ಪಂಪಿನ ಮನೆಯಲ್ಲಿ ಟ್ಯಾಂಕಿನ ಕೆಳಗೆ ಕುಂತು ರಂಗೋಲಿ ಹಾಕಿದಳು. ಹುಸೇನಪ್ಪ ಹೆಂಗಸರಿಗೆ ಹೇಳಿ ಅವಳಿಗೆ ಮಣೆ ತರಿಸಿದ. "ತಂಗೀ, ಬೆಂಕಿ ಬರದಂಗ ಹಾಕವಾ," ಎಂದ. ಅವಳು ನಕ್ಕಳು. ಆ ನಗು ಇವತ್ತಿಗೂ ಆ ಕೋಣೆಯ ಜೊತೆಗೇ ನೆನಪಿಗೆ ಬರುತ್ತದೆ.

ಎಲ್ಲರೂ ಕುಂಬಳಕಾಯಿ ಒಡೆಯಲು ಬಾಗಿಲಿಗೆ ಹೋದಾಗ ನಾನೊಬ್ಬನೇ ಒಳಗಿದ್ದೆ. ಆ ಹೊಸ ನಲ್ಲಿಯಿಂದ ಡೀಸೆಲ್ ಹನಿಹನಿ ಸೋರಿ ರಂಗೋಲಿಯ ಮೇಲೆ ಬೀಳುತ್ತಿತ್ತು. ಎರಡು ಎಸಳು ಆಗಲೇ ಕಪ್ಪಾಗಿದ್ದವು. ಮಿಲ್ಲಿನ ಸಾಹುಕಾರರು ಮಂಗಳಾರತಿಗೆ ಬರುವ ಹೊತ್ತು. ಕವಚದ ಕೆಳಗೆ ಕೈ ತೂರಿಸಿ ನಲ್ಲಿಯ ಹಿಡಿಯನ್ನು ಅಡ್ಡ ತಿರುಗಿಸಿದೆ. ಸೋರುವುದು ನಿಂತಿತು. ಪೂಜೆ ಆದ ಮೇಲೆ ಮತ್ತೆ ತೆರೆದರಾಯಿತು ಅಂದುಕೊಂಡೆ. ಆಮೇಲೆ ಹೋಳಿಗೆ ಊಟ, ಹೆಂಡತಿಗೆ ತಲೆಸುತ್ತು, ಗಾಡಿ ಹುಡುಕುವ ಗಡಿಬಿಡಿ. ಮರೆತೆ. ಮರೆತೆ ಎಂಬ ಒಂದು ಮಾತನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಲಾಗಲಿಲ್ಲ ನೋಡಿ.

ಅವತ್ತಿನಿಂದ ಟ್ಯಾಂಕಿಗೂ ಕೊಳವೆಗೂ ಸಂಬಂಧ ಕಡಿಯಿತು. ಟ್ಯಾಂಕಿನಲ್ಲಿ ಎಷ್ಟೇ ಇಳಿಯಲಿ, ಗಾಜಿನಲ್ಲಿ ಸಿಕ್ಕಿಬಿದ್ದ ಡೀಸೆಲ್ ಕೆಂಪು ಗೆರೆಯ ಮೇಲೆ ಬೆರಳಗಲ ಹಾಗೇ ನಿಂತಿತ್ತು. ನಾನು ದಿನಾ ಅದನ್ನೇ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಸೋಮವಾರಕ್ಕೊಮ್ಮೆ ಅರ್ಧ ತಾಸು ಎಂಜಿನ್ ಓಡಿಸಿ ಪರೀಕ್ಷೆ ಮಾಡುತ್ತಿದ್ದೆವು. ಅಷ್ಟಕ್ಕೆ ಎಷ್ಟು ಇಳಿದೀತು, ಕಣ್ಣಿಗೆ ಕಾಣಲಿಕ್ಕಿಲ್ಲ ಅಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಲಿಂಗಸುಗೂರಿನ ತವರಿನಲ್ಲಿ ಗೌರಮ್ಮ ಗಂಡುಮಗು ಹೆತ್ತಳು. ಕೀಲಿಗಳನ್ನು ಮಿಲ್ಲಿನ ಮುನೀಮರ ಕೈಗೆ ಕೊಟ್ಟು ನಾಲ್ಕು ದಿನ ರಜೆ ಹೋದೆ. ಆ ನಾಲ್ಕು ದಿನ ಕರೆಂಟಿರಲಿಲ್ಲ. ಅಂಡಿಗೆ ಕಟ್ಟುವ ಪ್ರೆಸ್ಸಿನ ಎಂಜಿನ್ನಿಗೆ ಮುನೀಮರು ಬೆಂಕಿ ಪಂಪಿನ ಟ್ಯಾಂಕಿನಿಂದ ಐದಾರು ಡಬ್ಬಿ ಡೀಸೆಲ್ ತೆಗೆಸಿದ್ದರು. ಸುಗ್ಗಿಯಲ್ಲಿ ಹಾಗೆ ತೆಗೆದು ಆಮೇಲೆ ತುಂಬುವುದು ಮಿಲ್ಲಿನ ರೂಢಿ. ನಾನು ಬಂದಾಗ ಗಾಜು ನೋಡಿದೆ, ಗೆರೆಯ ಮೇಲೇ ಇತ್ತು. ತುಂಬಿಸಿದ್ದಾರೆ ಅಂದುಕೊಂಡೆ. ಮುನೀಮರೂ ಗಾಜು ನೋಡಿ, ನಾನು ಬಂದವನೇ ತುಂಬಿಸಿದೆ ಅಂದುಕೊಂಡರಂತೆ. ಒಬ್ಬರನ್ನೊಬ್ಬರು ಕೇಳಲಿಲ್ಲ. ಕೇಳಿದವನು ಹುಸೇನಪ್ಪ ಒಬ್ಬನೇ.

"ಡಬ್ಬಿ ತಗದಾರ, ಗಾಜು ಇಳದಿಲ್ಲ. ಇದು ಹ್ಯಾಂಗ್ರಿ ಅಮರೇಶಪ್ಪಾರ?"

"ತುಂಬಿಸ್ಯಾರ ಕಾಕಾ."

"ಯಾವಾಗ್ರಿ? ನಾ ಇಲ್ಲೇ ಇದ್ದೆ."

"ನೀ ಅಮಾಸಿಗೆ ಊರಿಗೆ ಹೋಗಿದ್ದೆಲ್ಲ, ಆವಾಗ."

ಅವನು ತಲೆ ಕೊಡವಿ ತನ್ನ ಕೆಲಸಕ್ಕೆ ಹೋದ. ಒಪ್ಪಿ ಹೋದದ್ದಲ್ಲ.

ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಅಂಗಳದಲ್ಲಿ ಹತ್ತಿಯ ಕೊನೆಯ ರಾಶಿಗಳು. ಆ ಸೋಮವಾರದ ಪರೀಕ್ಷೆಯಲ್ಲಿ ಎಂಜಿನ್ ಎರಡು ಸಲ ಕೆಮ್ಮಿತಂತೆ. ಹುಸೇನಪ್ಪ ಸ್ಟೋರಿನ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಆ ಬೇವಿನ ಕೋಲು.

"ಕೀಲಿ ಕೊಡ್ರಿ. ಒಂದ ಸಲ ಕೋಲು ಇಳಿಸಿ ನೋಡ್ತೀನಿ."

ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಎರಡೇ ವಾರ ಉಳಿದಿತ್ತು. ಲಿಂಗಸುಗೂರಿನ ಬಸ್ಸು ಬರುವ ಹೊತ್ತು. ಸ್ಟೋರಿಗೆ ಬೀಗ ಹಾಕಿ ಆಗಿತ್ತು. ಮತ್ತೆ ತೆಗೆಯಲು ನನಗೆ ಬೇಜಾರು.

"ಗಾಜು ಐತೆಲ್ಲ ಕಾಕಾ, ಕಣ್ಣು ಕಾಣಂಗಿಲ್ಲೇನು?" ಅಂದೆ. ಹಮಾಲರು ನಕ್ಕರು. ಅವರು ನಕ್ಕದ್ದು ನನಗೆ ಖುಷಿಯೇ ಆಯಿತು. ಸುಳ್ಳು ಹೇಳುವುದಿಲ್ಲ.

ಬುಧವಾರ ಬೆಳಿಗ್ಗೆ ಎಂದಿನಂತೆ ರಿಜಿಸ್ಟರ್ ಚಾಚಿದೆ. ಅವನು ಲೆಕ್ಕಣಿಕೆ ಹಿಡಿದ. "ಇದು ನನ್ನ ಕಣ್ಣಿನ ಸಹಿ ಅಲ್ರಿ, ಗಾಜಿನ ಸಹಿ," ಎಂದು ಹೇಳಿ ನಾಲ್ಕು ಅಕ್ಷರ ಬರೆದ.

ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರದಿಂದ ಕಿಡಿ ಹಾರಿತು. ಅರಳೆಯ ಕೋಣೆಯಲ್ಲಿ ಹೊಗೆ, ನೋಡನೋಡುತ್ತ ಅಂಗಳದ ರಾಶಿಗೆ ಬೆಂಕಿ. ಹೆಂಗಸರು ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ದಾರಿಗೆ ಓಡಿದರು. ಹುಸೇನಪ್ಪ ಹ್ಯಾಂಡಲ್ ಒಂದೇ ಸುತ್ತು ತಿರುಗಿಸಿ ಎಂಜಿನ್ ಎಬ್ಬಿಸಿದ. ಪೈಪಿನಲ್ಲಿ ನೀರು ಬಂತು. ಎಲ್ಲರೂ ಉಸಿರು ಬಿಟ್ಟರು. ಹತ್ತು ನಿಮಿಷವೂ ಆಗಿರಲಿಲ್ಲ, ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ನಿಂತಿತು. ಪೈಪು ಕೈಯಲ್ಲೇ ಮೆತ್ತಗಾಯಿತು. ಆಮೇಲೆ ಕೊಡ, ಬುಟ್ಟಿ, ಮಣ್ಣು. ಯಾರ ಜೀವವೂ ಹೋಗಲಿಲ್ಲ. ಹುಸೇನಪ್ಪನ ಎರಡೂ ಅಂಗೈ ಬೆಂದವು. ಸುಗ್ಗಿಯ ಹತ್ತಿಯೆಲ್ಲ ಬೂದಿ. ಟ್ಯಾಂಕಿನ ಬೀಗ ಒಡೆದು ನೋಡಿದರೆ ತಳದಲ್ಲಿ ಬರೀ ಕೆಸರು.

ನನಗೆ ರಂಗೋಲಿ ನೆನಪಾದದ್ದು ಆಗ. ಪೂಜೆಯ ದಿನ ತಿರುಗಿಸಿದ ನಲ್ಲಿಯನ್ನು ಮತ್ತೆ ತೆರೆದೇ ಇರಲಿಲ್ಲ.

ಮರುದಿನ ವಿಮೆಯ ಅಧಿಕಾರಿಗಳು ಬರುವ ಮೊದಲು ಪಂಪಿನ ಮನೆಗೆ ಹೋದೆ. ಗಾಜಿನಲ್ಲಿ ಡೀಸೆಲ್ ಕೆಂಪು ಗೆರೆಯ ಮೇಲೆ, ಬೆರಳಗಲ, ಸುಳ್ಳು ಸಾಕ್ಷಿಯ ಹಾಗೆ ನಿಂತಿತ್ತು. ಕೈ ತೂರಿಸಿ ಹಿಡಿ ತಿರುಗಿಸಿದೆ. ಒಂದು ಕ್ಷಣದಲ್ಲಿ ಸರ್ರನೆ ಇಳಿದು ಕೊಳವೆ ಖಾಲಿಯಾಯಿತು. ಅಂಗಿಯ ತೋಳಿಗೆ ಡೀಸೆಲ್ ಹತ್ತಿತು. ಯಾರೂ ನೋಡಲಿಲ್ಲ ಅಂದುಕೊಂಡೆ.

ವಿಚಾರಣೆ ಆಫೀಸಿನ ಪಡಸಾಲೆಯಲ್ಲಿ. ರಿಜಿಸ್ಟರ್ ತೆಗೆದರು. ಬುಧವಾರ ಬೆಳಿಗ್ಗೆ ಗೆರೆಗಿಂತ ಮೇಲೆ ಎಂದು ಬರೆದಿದೆ, ಪಂಪಿನವನ ಸಹಿ ಇದೆ. ಮಧ್ಯಾಹ್ನ ಟ್ಯಾಂಕು ಖಾಲಿ. ನಡುವೆ ಆ ಕೋಣೆಯಲ್ಲಿ ಇದ್ದವನು ಹುಸೇನಪ್ಪ ಒಬ್ಬ. ಬರವಣಿಗೆ ಎಷ್ಟು ಅಚ್ಚುಕಟ್ಟು ಎಂದು ಅಧಿಕಾರಿ ನನ್ನ ಕಡೆ ನೋಡಿ ತಲೆದೂಗಿದರು. ಮುನೀಮರು ತಾವು ತೆಗೆಸಿದ ಡಬ್ಬಿಗಳ ಮಾತು ಎತ್ತಲಿಲ್ಲ. ಅವರು ಯಾಕೆ ಎತ್ತಲಿಲ್ಲ ಎಂದು ಕೇಳುವ ಬಾಯಿ ನನಗೂ ಇರಲಿಲ್ಲ.

"ಡೀಸೆಲ್ ಯಾರಿಗೆ ಮಾರಿದ್ಯೋ?" ಎಂದರು ಸಾಹುಕಾರರು.

ಹುಸೇನಪ್ಪ ಬೆಂದ ಕೈಗಳನ್ನು ಎದೆಯ ಮುಂದೆ ಹಿಡಿದುಕೊಂಡು ನಿಂತಿದ್ದ. ಒಮ್ಮೆ ನನ್ನ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ಅಂಗಿಯ ತೋಳಿಗೆ ಹೋಯಿತು.

"ನಾ ಕದ್ದಿಲ್ರಿ," ಅಂದ. ಅಷ್ಟೇ.

ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಸಂಜೆಯ ಬಸ್ಸಿಗೆ ಅವನ ಟ್ರಂಕನ್ನು ಹಮಾಲನೊಬ್ಬ ಏರಿಸಿದ. ಕೈಗೆ ಪಟ್ಟಿ ಇದ್ದುದರಿಂದ ಅವನಿಗೆ ಕಂಬಿ ಹಿಡಿಯಲು ಬರುತ್ತಿರಲಿಲ್ಲ. ನಾನು ಸ್ಟೋರಿನ ಕಿಟಕಿಯಿಂದ ನೋಡಿದೆ. ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ನಡೆಯಲಿಲ್ಲ. ಬಾಣಂತಿ, ಹಸುಗೂಸು, ನೌಕರಿ ಎಂದು ಕಾರಣಗಳನ್ನು ಒಂದರ ಮೇಲೊಂದು ಪೇರಿಸಿಕೊಂಡೆ. ನಾವು ಲಿಂಗ ಕಟ್ಟಿದ ಮನೆಯವರು. ಮರುದಿನ ಬೆಳಿಗ್ಗೆ ಪೂಜೆಗೆ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಂಡರೆ ಅಂಗೈಯಲ್ಲಿ ಡೀಸೆಲ್ ವಾಸನೆ. ಸೀಗೆಪುಡಿ ಹಾಕಿ ತಿಕ್ಕಿದೆ. ಹೋಗಲಿಲ್ಲ. ಒಂದು ತಿಂಗಳಿಗೆ ಹೋಯಿತು, ಅದು ಹೋದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಗೌರಮ್ಮನಿಗೂ ಹೇಳಲಿಲ್ಲ. "ಆ ಕಾಕಾ ಕದಿಯೋ ಮನಶ್ಯಾ ಅಲ್ಲ," ಎಂದು ಅವಳು ಎಷ್ಟೋ ಸಲ ಅಂದಳು. ಅವಳ ರಂಗೋಲಿ ಉಳಿಸಲು ಹೋಗಿ ಹೀಗಾಯಿತೆಂದು ಅವಳಿಗೆ ಹೇಗೆ ಹೇಳಲಿ?

ಹೋದ ವಾರ ಮುಕ್ಕುಂದದಲ್ಲಿ ಬಸ್ಸಿಳಿದಾಗ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಕೇಳಿದ್ದಕ್ಕೆ ಒಬ್ಬ, "ಡೀಸೆಲ್ ಹುಸೇನಪ್ಪನ ಮನಿಯೇನ್ರಿ?" ಎಂದು ದಾರಿ ತೋರಿಸಿದ. ಆ ಹೆಸರು ಕೇಳಿಕೊಂಡೇ ಅವನು ತೋರಿಸಿದ ಓಣಿಗೆ ನಡೆದೆ.

ಅವನ ಹೆಂಡತಿ ದುರುಗಮ್ಮ ಬಾಗಿಲಲ್ಲೇ ಕೂತಿದ್ದಳು. ಹಣೆ ಬೋಳಾಗಿತ್ತು. ನಾನು ಹೆಸರು ಹೇಳಿದೆ. ಅವಳು ಬೆರಗಾಗಲಿಲ್ಲ. ಚಾಪೆ ಹಾಸಿದಳು.

"ಎರಡು ವರ್ಷ ಆತ್ರಿ ಹೋಗಿ," ಅಂದಳು.

ನಾನು ಎಲ್ಲ ಹೇಳಿದೆ. ರಂಗೋಲಿ, ನಲ್ಲಿ, ಕೀಲಿ, ಮರುದಿನ ತೆರೆದದ್ದು, ಒಂದೂ ಬಿಡದೆ. ಅಳು ಬಂತು, ನಿಲ್ಲಿಸಲಿಲ್ಲ.

"ಅವರಿಗೆ ಗೊತ್ತಿತ್ರಿ," ಅಂದಳು ಕೊನೆಗೆ. "ಎಂಜಿನ್ ನಿಂತ ಕೂಡಲೆ ನಲ್ಲಿಗೆ ಕೈ ಹಾಕಿ ನೋಡಿದ್ರಂತ. ಹಿಡಿ ಅಡ್ಡ ಇತ್ತು, ಗಾಜಿನ್ಯಾಗ ಎಣ್ಣಿ ಇತ್ತು. ಮುಂಜಾನಿ ನೋಡಿದ್ರ ಹಿಡಿ ನೆಟ್ಟಗ, ಗಾಜು ಖಾಲಿ. ನಿಮ್ಮ ತೋಳು ಒದ್ದಿ ಆಗಿತ್ತಂತ."

"ಮತ್ತ ಯಾಕ ಹೇಳಲಿಲ್ಲವ್ವಾ?"

"ನಾನೂ ಹಂಗ ಜಗಳಾಡಿದೆ. ಅದ್ಕ ಅವರು, ಅಂವನ ಮನ್ಯಾಗ ಬಾಣಂತಿ ಅದಾಳ, ತಾನ ಹೇಳ್ತಾನ ತಡಿ, ಕೆಟ್ಟ ಹುಡುಗ ಅಲ್ಲ, ಇಂದಿಲ್ಲ ನಾಳಿ ಬರ್ತಾನ ಅಂದ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಟ್ಟ್ಯಾಗ ಪಂಪ್ ನಡಿಸಿದ ಮನಶ್ಯಾ. ಈ ಊರಾಗ ಮನಿಗೊಂದು ಡೀಸೆಲ್ ಎಂಜಿನ್ ಅದಾವು. ಒಬ್ಬರೂ ಎಂಜಿನ್ ಹತ್ರ ಬರಗೊಡಲಿಲ್ರಿ. ಎಣ್ಣಿ ಕದ್ದಾಂವ ಅಂತ. ಬೆಂದ ಕೈಲೆ ಹೆಂಗಸರ ಸಾಲಿನ್ಯಾಗ ನಿಂತು ನಾಟಿ ಹಚ್ಚಿದ್ರು. ದಿನಾ ಸಂಜಿ ಸಿಂಧನೂರು ಬಸ್ಸು ಬರೋ ಹೊತ್ತಿಗೆ ಊರ ಅಗಸ್ಯಾಗ ಹೋಗಿ ಕುಂದರತಿದ್ರು. ಮೊದಲ ಎರಡು ವರ್ಷ ದಿನಾ. ಆಮ್ಯಾಲ ಅಮಾಸಿಗೊಮ್ಮೆ. ಕಡೀಕ ಹೋಗೋದು ಬಿಟ್ರು."

ಅವಳು ಎದ್ದಳು.

"ನನಗ ಹೇಳಿ ಏನು ಬಂತ್ರಿ. ನಾ ಯಾವತ್ತೂ ಅವರನ್ನ ಕಳ್ಳ ಅಂದಿಲ್ಲ. ಅಂದವರು ಅಲ್ಲಿ ಕುಂತಾರ. ನಡೀರಿ."

ಊರಬಾಗಿಲ ಅಗಸೆಯ ಕಟ್ಟೆಯ ಮೇಲೆ ಏಳೆಂಟು ಜನ ರೈತರು ಕೂತಿದ್ದರು. ದುರುಗಮ್ಮ ನಾಲ್ಕು ಹೆಜ್ಜೆ ದೂರ ನಿಂತಳು. ನಾನು ಮತ್ತೊಮ್ಮೆ ಎಲ್ಲ ಹೇಳಿದೆ. ಹೇಳಿ ಮುಗಿದ ಮೇಲೆ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬ ಮುದುಕ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ.

"ಒಂದು ಸಲ ನನ್ನ ಎಂಜಿನ್ ಕೆಟ್ಟಿತ್ತು. ಹುಸೇನಪ್ಪ ಬಂದು ಕೆಳಗ ಕುಂತು ಸದ್ದು ಕೇಳಾಕತ್ತಿದ್ದ. ಏಳೋ ಕಳ್ಳ ಅಂತ ಎಬ್ಬಿಸಿ ಕಳಿಸಿದೆ ನಾನು," ಅಂದ. ಅಂಗೈಯ ತಂಬಾಕು ಕೆಳಗೆ ಚೆಲ್ಲಿ, "ಅಡಿಕಿಗೆ ಹೋದ ಮಾನ ಆನಿ ಕೊಟ್ರ ಬರತದೇನ್ರಿ? ಈಗ ಆನಿ ಯಾರಿಗೆ ಕೊಡ್ತೀರಿ?" ಎಂದ.

ನಾನು ಬಸ್ಸಿನ ಕಡೆ ಹೊರಟೆ. ದುರುಗಮ್ಮ ಹಿಂದಿನಿಂದ ಕರೆದಳು.

"ಚಾ ಕುಡ್ದು ಹೋಗ್ರಿ."

"ಬ್ಯಾಡವ್ವಾ, ನನಗ ಯಾವ ಮುಖ ಐತಿ."

"ನನಗೂ ಮನಸಿಲ್ರಿ," ಅಂದಳು ಅವಳು. "ಅವರು ಹೇಳಿ ಹೋಗ್ಯಾರ. ಅಂವ ಬಂದ್ರ ಹಂಗ ಕಳಿಸಬ್ಯಾಡ, ದೂರದಿಂದ ಬಂದಿರ್ತಾನ, ಚಾ ಮಾಡಿ ಕೊಡು ಅಂತ."

ತಿರುಗಿ ಹೋಗಿ ಅದೇ ಚಾಪೆಯ ಮೇಲೆ ಕೂತೆ. ಒಲೆಯ ಹೊಗೆ ತುಂಬಿತ್ತು. ಜಂತಿಗೆ ಆ ಬೇವಿನ ಕೋಲು ಸಿಕ್ಕಿಸಿತ್ತು, ನಾನು ಅದನ್ನು ಎರಡನೆಯ ಸಲ ನೋಡಲಿಲ್ಲ. ಅವಳು ಲೋಟ ತಂದು ನನ್ನ ಮುಂದೆ ಇಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಳು. ಕುಡಿದೆ. ಕುಡಿಯದೆ ಎದ್ದು ಬರುವ ಹಕ್ಕೂ ನನಗೆ ಇರಲಿಲ್ಲ.